ಹತ್ತಕ್ಕೆ ಎಷ್ಟು

ದರ್ಜಿ ಮೂರನೆಯ ಸಲ ಬಗ್ಗಿ ಹೊದಿಕೆಯನ್ನು ಕೆಳಕ್ಕೆ ಎಳೆದ. ಆದರೂ ಪಾದ ಮುಚ್ಚಲಿಲ್ಲ. ಊರಿಗೆಲ್ಲ ಅಳತೆ ತಪ್ಪದೆ ಹೊಲಿದುಕೊಟ್ಟವನಿಗೆ ಸ್ವಂತ ಹೆಂಡತಿಯ ಕೊನೆಯ ಬಟ್ಟೆ ಗೇಣುದ್ದ ಕಡಿಮೆ ಬಿದ್ದಿತ್ತು.

"ಬಿಡಿ ಭಾವ, ಯಾರದ್ದಾದ್ರೂ ಕಾಲು ಮುಚ್ಚಿದ್ರೆ ಅಕ್ಕನಿಗೆ ಆಗ್ತಾನೇ ಇರ್ಲಿಲ್ಲ," ಎಂದಳು ಅವಳ ವಾರ್ಡಿನ ಕಿರಿಯ ನರ್ಸು.

ಆಪರೇಷನ್ ಆದವರನ್ನು ತಂದು ಮಲಗಿಸುವ ಆ ವಾರ್ಡಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದವಳಿಗೆ 'ಹತ್ತಕ್ಕೆಷ್ಟಕ್ಕ' ಎಂದೇ ಹೆಸರು. ಅರಿವಳಿಕೆಯ ಮತ್ತು ಇಳಿದು ಕಣ್ಣು ಬಿಟ್ಟವರ ಕಿವಿಗೆ ಮೊದಲು ಬೀಳುತ್ತಿದ್ದುದು ಅವಳ ಪ್ರಶ್ನೆ: "ನೋವು ಹತ್ತಕ್ಕೆ ಎಷ್ಟು?" ಇವತ್ತು ಮನೆ ತುಂಬ ಅವಳಿಗೆ ಉತ್ತರ ಕೊಟ್ಟವರೇ.

"ನಾನು ಒಂಬತ್ತು ಅಂದಿದ್ದೆ," ಎಂದ ಬಸ್ ಡ್ರೈವರ್. "ಹೊದಿಕೆ ಎತ್ತಿ ಕಾಲ್ಬೆರಳು ನೋಡಿದ್ರು. 'ಮೂರು ನೋವು, ಆರು ಹೆದರಿಕೆ. ನೋವಿಗೆ ಇಂಜೆಕ್ಷನ್ ಕೊಡ್ತೀನಿ, ಹೆದರಿಕೆಗೆ ಇಲ್ಲೇ ಕೂತ್ಕೋತೀನಿ' ಅಂದ್ರು. ಕೂತೇಬಿಟ್ರು!"

ಎಲ್ಲರೂ ನಕ್ಕರು. ದರ್ಜಿಗೂ ನಗು ಬಂತು, ಆದರೆ ಎದೆಯೊಳಗಿನ ಮುಳ್ಳು ಅಲ್ಲಾಡಲಿಲ್ಲ. ಹೊಟ್ಟೆಯ ಗಡ್ಡೆಗೆ ಆಪರೇಷನ್ ಆದಮೇಲೆ ಅವಳು ಬದುಕಿದ್ದು ನಾಲ್ಕೇ ದಿನ. ಅಷ್ಟು ದಿನವೂ ಅವನು ಕೇಳಿದಾಗಲೆಲ್ಲ "ಎರಡು" ಎಂದೇ ಹೇಳಿದ್ದಳು. ಹೊದಿಕೆ ಎತ್ತಿ ನೋಡಲು ಅವನಿಗೆ ಧೈರ್ಯ ಬಂದಿರಲಿಲ್ಲ.

*

ವರ್ಷಗಳ ಹಿಂದೆ, ತನ್ನ ಹರ್ನಿಯಾ ಆಪರೇಷನ್ನಿನ ದಿನ, ದರ್ಜಿ ಥಿಯೇಟರಿನ ಬಾಗಿಲಲ್ಲಿ ಟ್ರಾಲಿಯ ಕಂಬಿ ಹಿಡಿದುಕೊಂಡು ಬಿಟ್ಟಿರಲಿಲ್ಲ.

"ಮತ್ತು ಕೊಟ್ಮೇಲೆ ಏಳದೇ ಹೋದ್ರೆ? ಮಧ್ಯದಲ್ಲೇ ಎಚ್ಚರ ಆಗ್ಬಿಟ್ರೆ?"

"ಒಬ್ಬರು ಡಾಕ್ಟರು ನಿಮ್ಮ ತಲೆ ಹತ್ರಾನೇ ಇದ್ದು ಉಸಿರು ನೋಡ್ತಿರ್ತಾರೆ. ಮನೇಲಿ ಮಲಗಿದ್ರೆ ಹೀಗೆ ಯಾರು ನೋಡ್ತಾರೆ, ಹೇಳಿ?" ಎಂದಳು ಜೊತೆಗೆ ಬಂದಿದ್ದ ನರ್ಸು.

"ಮನೇಲಿ ಯಾರೂ ಇಲ್ಲ."

ಅವಳು ಕಂಬಿಯಿಂದ ಅವನ ಕೈ ಬಿಡಿಸಿದಳು. "ಎದ್ದಾಗ ಎದುರಿಗೆ ನಾನಿರ್ತೀನಿ, ಹೋಗಿ," ಎಂದಳು.

ಎದ್ದಾಗ ಇದ್ದಳು. ಅವನ ಹೊಟ್ಟೆ ಧಗಧಗ ಉರಿಯುತ್ತಿತ್ತು. ಆದರೂ ಆ ಮುಖದ ಮುಂದೆ ಅಯ್ಯೋ ಎನ್ನಲು ಮನಸ್ಸಾಗದೆ "ಎರಡು" ಎಂದ. ಅವಳು ಹೊದಿಕೆ ಎತ್ತಿದಳು. ಕಾಲ್ಬೆರಳು ಹತ್ತೂ ಮುದುಡಿಕೊಂಡಿದ್ದವು.

"ಬಾಯಿಗೇನು, ಏನು ಬೇಕಾದ್ರೂ ಹೇಳುತ್ತೆ. ಎಂಟು," ಎಂದು ಇಂಜೆಕ್ಷನ್ ತಂದಳು. ಹೊಲಿಗೆ ಬಿಚ್ಚಿಸಿಕೊಂಡ ಮೇಲೂ ಅವನು ಏನೇನೋ ನೆಪ ತೆಗೆದು ಆ ವಾರ್ಡಿಗೆ ಎಡತಾಕಿದ. ಮರುವರ್ಷ ಅವಳ ಮದುವೆಯ ರವಿಕೆಯನ್ನು ತಾನೇ ಹೊಲಿದ.

*

ಅವಳನ್ನು ಮಸಣಕ್ಕೆ ಒಯ್ಯುವ ಗಾಡಿ ಬಂದು ನಿಂತಿತು. ದರ್ಜಿ ಕಿರಿಯ ನರ್ಸನ್ನು ಬಾಗಿಲ ಮರೆಗೆ ಕರೆದ.

"ನನ್ಹತ್ರ ಎರಡು ಅಂತಿದ್ಲು. ನಿಜ ಹೇಳಮ್ಮ."

"ಮೊದಲ್ನೇ ದಿನ ನಂಗೂ ಎರಡೇ ಅಂದ್ರು ಭಾವ. ಹೊದಿಕೆ ಎತ್ತಿದ್ರೆ ಬೆರಳು ಮುದುಡಿತ್ತು. ಸಿಕ್ಕಿಬಿದ್ದೆ ಅಂತ ನಕ್ರು. ಡಾಕ್ಟರಿಗೆ ಹೇಳಿ ಔಷಧಿ ಜಾಸ್ತಿ ಮಾಡಿಸ್ದೆ. ಆಮೇಲೆ ಗಂಟೆಗೊಂದ್ಸಲ ನೋಡ್ತಾನೇ ಇದ್ದೆ. ಕೊನೇ ದಿನ ಬೆಳಿಗ್ಗೆ ಹತ್ತೂ ಬೆರಳು ಸಡಿಲ ಬಿಟ್ಟು, ಮಗು ಥರ ಮಲಗಿದ್ರು. ಅಕ್ಕ ಕಲಿಸಿದ್ದು, ನಂಗೆ ತಪ್ಪೋದಿಲ್ಲ."

ಅವನು ನಾಲ್ಕು ದಿನದಿಂದ ಹಿಡಿದಿಟ್ಟ ಉಸಿರನ್ನು ಬಿಟ್ಟ. ಒಳಗೆ ನಾಲ್ವರು ಅವಳನ್ನು ಎತ್ತಿದರು. ಬಸ್ ಡ್ರೈವರ್ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತ ಮುಂದೆ ಬಂದ.

"ಭಾವ," ಎಂದಳು ಕಿರಿಯ ನರ್ಸು. "ನಿಮ್ದು ಹತ್ತಕ್ಕೆ ಎಷ್ಟು?"

"ಎರಡು," ಎಂದ ದರ್ಜಿ.

ಅವಳು ತಲೆ ತಗ್ಗಿಸಿ ನೋಡಿದಳು. ಬರಿಗಾಲಲ್ಲಿ ನಿಂತಿದ್ದ ಅವನ ಹತ್ತು ಬೆರಳೂ ಹೊಸ್ತಿಲನ್ನು ಕಚ್ಚಿ ಹಿಡಿದಿದ್ದವು.