ಅಜ್ಜಿ ಕುಡಿಸಿದರೆ ಮಾತ್ರ

ಹಸುಗಳ ನಡುವೆ ಹುಟ್ಟಿ, ಹಾಲು ಸೋಕಿದರೆ ಸಾಕು ಮೈ ಊದಿಸಿಕೊಳ್ಳುವ ಮಗು ಅದು. ಇಂಥ ಮಗುವನ್ನು ಕೊಡುವುದಕ್ಕೆ ಇಡೀ ತಾರನಾಕಿ ಸೀಮೆಯಲ್ಲಿ ದೇವರಿಗೆ ನಮ್ಮ ನೋಯಲೀನಳ ಮನೆಯೇ ಸಿಕ್ಕಿತೇ ಎಂದು ನಾನು ಎಷ್ಟೋ ಸಲ ಬೈದುಕೊಂಡಿದ್ದೇನೆ. ನೋಯಲೀನ್ ನನ್ನ ಪಕ್ಕದ ಫಾರ್ಮಿನವಳು. ಅವಳ ಗಂಡ ತೀರಿಕೊಂಡ ಮೇಲೆ ಮಗ ಬ್ರೆಂಟ್ ಹಸುಗಳನ್ನು ನೋಡಿಕೊಳ್ಳುತ್ತಾನೆ. ಸೊಸೆ ಮೆರೆಯಾನಾ ಊರಿನ ಶಾಲೆಯಲ್ಲಿ ಕೆಲಸ ಮಾಡುತ್ತಾಳೆ. ಮೊಮ್ಮಗಳು ಹುಯಾಳಿಗೆ ಒಂದೂವರೆ ವರ್ಷ. ಹಸುಗಳು ಕರು ಹಾಕುವ ಕಾಲ ಬಂತೆಂದರೆ ಆ ಮನೆಯ ಕರುಗಳಿಗೆಲ್ಲ ಹಾಲು ಕುಡಿಸುವುದು ನೋಯಲೀನ್ ಮತ್ತು ನಾನು. ನನ್ನ ಬಾಯಿ ಜೋರು, ಅವಳ ಕೈ ಜೋರು. ಜೋಡಿ ಚೆನ್ನಾಗಿಯೇ ನಡೆದುಕೊಂಡು ಬಂದಿದೆ.

ಹುಯಾ ಕುಡಿಯುವುದು ಡಾಕ್ಟರು ಬರೆದುಕೊಟ್ಟ ಡಬ್ಬಿಯ ಪುಡಿ. ಹಸುವಿನ ಹಾಲಿನ ಅಂಶ ಅದರಲ್ಲಿ ಒಂದು ಚೂರೂ ಇಲ್ಲ. ವಾಸನೆಯೋ, ಆಲೂಗಡ್ಡೆ ಬೇಯಿಸಿ ಚೆಲ್ಲಲು ಮರೆತ ನೀರಿನದು. ಒಮ್ಮೆ ನಾಲಿಗೆಗೆ ಹಚ್ಚಿಕೊಂಡು ನೋಡಿ ಸಿಂಕಿನ ಕಡೆ ಓಡಿದ್ದೆ. ದವಡೆ ಹಲ್ಲು ಬರುವ ಹೊತ್ತಿಗೆ ಹುಯಾಳಿಗೂ ಅದು ಸಾಕಾಗಿಹೋಯಿತು. ತಾಯಿ ಕೊಟ್ಟರೆ ತುಟಿ ಬಿಗಿ ಹಿಡಿಯುವಳು, ಅಪ್ಪ ಕೊಟ್ಟರೆ ಬಾಟಲಿಯನ್ನೇ ಬೀಸಿ ಎಸೆಯುವಳು. ಅಜ್ಜಿ ಕುಡಿಸಿದರೆ ಮಾತ್ರ ತಳ ಕಾಣುವವರೆಗೆ ಕುಡಿಯುವಳು.

"ಅದೇನು ಮಾಟ ಮಾಡ್ತೀಯೇ?" ಎಂದು ನಾನು ಚಳಿಗಾಲದಲ್ಲೇ ಕೇಳಿದ್ದೆ. ಆಗ ಹಸುಗಳೆಲ್ಲ ಹಾಲು ಬತ್ತಿ ಹುಲ್ಲುಗಾವಲಿನಲ್ಲಿ ಸುಮ್ಮನೆ ಮೇಯುತ್ತಿದ್ದವು, ನಮಗೂ ಕೆಲಸವಿರಲಿಲ್ಲ.

"ಅದು ನನ್ನ ಗುಟ್ಟು ಕಣೇ ಬೆವ್. ಹೇಳಿಬಿಟ್ರೆ ಆಮೇಲೆ ಈ ಮುದುಕೀನ ಯಾರು ಕೇಳ್ತಾರೆ?" ಎಂದು ಮೂಗು ಮೇಲೆತ್ತಿದಳು. ಹೆಮ್ಮೆ ಅವಳಿಗೆ. ಯಾಕಿರಬಾರದು? ಮೊಮ್ಮಗಳ ಕೆನ್ನೆ ತುಂಬಿದ್ದು ಅವಳ ಕೈಯಲ್ಲೇ ತಾನೆ.

ಹಾಗೆಂದು ಮೆರೆಯಾನಾ ಏನೂ ಕಡಿಮೆಯವಳಲ್ಲ. ಅವಳು ಬಾಟಲಿ ತಯಾರಿಸುವುದನ್ನು ನೋಡಬೇಕು ನೀವು. ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಾಳೆ. ಕುದಿಸಿ ಆರಿಸಿದ ನೀರನ್ನು ಬಾಟಲಿಯ ಗೆರೆಗೆ ಸರಿಯಾಗಿ ಹುಯ್ದು, ಆಮೇಲೆ ಪುಡಿ. ಡಬ್ಬಿಯೊಳಗಿನ ಚಮಚದಿಂದಲೇ ಅಳೆದು, ಚಾಕುವಿನ ಬೆನ್ನಿನಿಂದ ಮೇಲಿನದನ್ನು ಸವರಿ ತೆಗೆಯುತ್ತಾಳೆ. ಒಂದು ಚಿಟಿಕೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಾಟಲಿ ಉಜ್ಜುವ ಬ್ರಷ್ಷಿಗೆ ಕೆಂಪು ದಾರ ಕಟ್ಟಿ ಬೇರೆಯೇ ನೇತುಹಾಕಿದ್ದಾಳೆ, ಅದನ್ನು ಮುಟ್ಟಿದವರ ಕಥೆ ಮುಗಿಯಿತು. ಬಾಟಲಿ ಮಾಡುವ ಕಟ್ಟೆಯ ಮೇಲೆ ಬ್ರೆಂಟ್ ತನ್ನ ಟೀ ಲೋಟವನ್ನೂ ಇಡುವಂತಿಲ್ಲ. ಮಗು ಕುಡಿದು ಉಳಿಸಿದ್ದನ್ನು ಆಮೇಲೆ ಕೊಡುವ ಮಾತೇ ಇಲ್ಲ, ಚೆಲ್ಲುವುದೇ. ಇಷ್ಟೆಲ್ಲ ಮಾಡಿ, ನೋಯಲೀನ್ ಕರುಗಳ ಕೊಟ್ಟಿಗೆಯಿಂದ ಮನೆಗೆ ಬಂದ ಕೂಡಲೇ ಬಾಟಲಿಯನ್ನೂ ಮಗುವನ್ನೂ ಅತ್ತೆಯ ಕೈಗೆ ಕೊಟ್ಟು ಶಾಲೆಗೆ ಓಡುತ್ತಿದ್ದಳು.

ಕರು ಹಾಕುವ ಕಾಲ ಶುರುವಾಗಿ ಸ್ವಲ್ಪ ದಿನಕ್ಕೇ ಹುಯಾಳ ಬಾಯಿಯ ಸುತ್ತ ಕೆಂಪು ದದ್ದು ಎದ್ದಿತು. ಆಮೇಲೊಂದು ಬೆಳಿಗ್ಗೆ ಕುಡಿದದ್ದನ್ನೆಲ್ಲ ಕಾರಿಕೊಂಡಳು. ಮೂರನೆಯ ಸಲದ್ದು ಇವೆಲ್ಲವನ್ನೂ ಮೀರಿಸಿತು. ತುಟಿ ಊದಿ, ಉಸಿರು ಸುಯ್ಯೆಂದು ಎಳೆದು, ಮಗು ನೀಲಿಗಟ್ಟಿತು. ಮೆರೆಯಾನಾ ಶಾಲೆಯಲ್ಲಿದ್ದಳು. ನೋಯಲೀನ್ ಒಂದು ಕ್ಷಣವೂ ತಡಮಾಡದೆ ಇಂಥ ಹೊತ್ತಿಗೆಂದೇ ಡಾಕ್ಟರು ಕೊಟ್ಟಿದ್ದ ಚುಚ್ಚುಮದ್ದಿನ ಪೆನ್ನನ್ನು ಮಗುವಿನ ತೊಡೆಗೆ ಒತ್ತಿ ಹಿಡಿದಳು. ಆಸ್ಪತ್ರೆಯ ಹೆಲಿಕಾಪ್ಟರು ಹುಲ್ಲುಗಾವಲಿಗೇ ಬಂದಿಳಿಯಿತು. ಮಗು ಉಳಿಯಿತು. ಊರೆಲ್ಲ ನೋಯಲೀನಳನ್ನು ಹೊಗಳಿದ್ದೇ ಹೊಗಳಿದ್ದು. ನಾನೂ ಹೊಗಳಿದೆ.

ಆದರೆ ಹಾಲು ಎಲ್ಲಿಂದ ಬಂತು? ಆಸ್ಪತ್ರೆಯಲ್ಲಿ ಡಾಕ್ಟರು ಮೆರೆಯಾನಾಳನ್ನು ಮೆತ್ತಗೆ ಕೇಳಿದರಂತೆ, ಬಾಟಲಿ ಹೇಗೆ ಮಾಡ್ತೀರಿ, ಎಲ್ಲಿ ಮಾಡ್ತೀರಿ ಎಂದು. ಬ್ರೆಂಟ್ ಅಷ್ಟು ಮೆತ್ತಗೆ ಕೇಳಲಿಲ್ಲ. "ಶಾಲೆಗೆ ಹೊರಡೋ ಗಡಿಬಿಡೀಲಿ ಏನಾದ್ರೂ ಎಡವಟ್ಟು ಮಾಡ್ಕೊಂಡ್ಯಾ?" ಎಂದ. ನೋಯಲೀನಳೂ ಅಡುಗೆಮನೆಯಲ್ಲಿ, ನನ್ನೆದುರಿಗೇ, "ಆ ಚಮಚ ಸರಿಯಾಗಿ ತೊಳೆದಿದ್ದೆ ತಾನೆ, ಮಗಳೇ?" ಎಂದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಆದರೂ ಕೇಳಿದಳಲ್ಲ. ಮೆರೆಯಾನಾಳ ಮುಖ ಬಾಡಿಹೋಯಿತು. ತೊಳೆದಿದ್ದೆ ಎನ್ನುವ ಧೈರ್ಯವೂ ಅವಳಿಗೆ ಉಳಿದಿರಲಿಲ್ಲ.

ಆಮೇಲೆ ಅವಳು ತನ್ನನ್ನೇ ನಂಬುವುದನ್ನು ಬಿಟ್ಟಳು. ತುಂಬಿದ ಡಬ್ಬಿಯನ್ನು ತಿಪ್ಪೆಗೆ ಸುರಿದಳು. ಕೈಯನ್ನು ಚರ್ಮ ಸುಲಿಯುವಂತೆ ಉಜ್ಜಿಕೊಂಡಳು. ಮಾಡಿದ ಬಾಟಲಿಯನ್ನು ಚೆಲ್ಲಿ ಮತ್ತೆ ಮಾಡಿದಳು, ಅದನ್ನೂ ಚೆಲ್ಲಿದಳು. "ನನ್ನ ಕೈಯಲ್ಲೇ ಏನೋ ಇದೆ ಬೆವ್. ನನ್ನ ಮಗೂಗೆ ನಾನೇ ವಿಷ ಹಾಕ್ತಿದೀನಿ" ಎಂದು ನನ್ನ ಭುಜದ ಮೇಲೆ ಬಿದ್ದು ಅತ್ತಳು. ಹುಚ್ಚಿ, ಸುಮ್ಮನಿರು ಎಂದು ಗದರಿದೆ, ಬೇರೇನು ಹೇಳಲಿ? ಕೊನೆಗೆ ವಾಂಗನೂಯಿ ಪಟ್ಟಣದಲ್ಲಿರುವ ತನ್ನ ಅಕ್ಕನಿಗೆ ಫೋನು ಮಾಡಿದಳು. ಹುಯಾ ಸ್ವಲ್ಪ ಕಾಲ ಅಕ್ಕನ ಮನೆಯಲ್ಲಿ, ಅಕ್ಕನ ಕೈಯಲ್ಲೇ ಇರಲಿ ಎಂದು ತೀರ್ಮಾನವಾಯಿತು. ಶನಿವಾರ ಅಕ್ಕ ಬಂದು ಕರೆದುಕೊಂಡು ಹೋಗುವುದಿತ್ತು.

ಆ ಶನಿವಾರ ಬೆಳಿಗ್ಗೆ ನಾವಿಬ್ಬರೂ ಕೊಟ್ಟಿಗೆಯಲ್ಲಿದ್ದೆವು. ಹೊಸದಾಗಿ ಹುಟ್ಟಿದ ಹೆಣ್ಣುಗರುವೊಂದು ಬಕೆಟ್ಟಿನಲ್ಲಿದ್ದ ಗಿಣ್ಣುಹಾಲಿಗೆ ಮೂತಿಯನ್ನೇ ಇಡಲೊಲ್ಲದು. ನಾನು ತಳ್ಳಿದೆ, ಬೈದೆ, ಅದು ನನ್ನ ಗಂಬೂಟಿನ ಮೇಲೆ ಉಚ್ಚೆ ಹುಯ್ದಿತು. ನೋಯಲೀನ್ ಬಂದು ಎಂದಿನಂತೆ ಎರಡು ಬೆರಳನ್ನು ಹಾಲಿನಲ್ಲಿ ಅದ್ದಿ ಕರುವಿನ ಬಾಯಿಗಿಟ್ಟಳು. ಅದು ಚೀಪತೊಡಗಿತು. ಬೆರಳು ಹಿಡಿದೇ ಮೂತಿಯನ್ನು ಮೆಲ್ಲಗೆ ಬಕೆಟ್ಟಿಗಿಳಿಸಿದಳು. ಕರು ಕುಡಿಸುವವರೆಲ್ಲ ಮಾಡುವುದು ಹೀಗೆಯೇ, ನಾವು ಕಲಿತದ್ದೂ ಹೀಗೆಯೇ.

"ನನ್ನ ಹತ್ರ ಉಚ್ಚೆ, ನಿನ್ನ ಹತ್ರ ಮುದ್ದು. ನಿನ್ನ ಬೆರಳಲ್ಲೇನು ಜೇನು ಸುರೀತದಾ?" ಎಂದೆ.

"ಕೊಡೋ ಥರ ಕೊಡ್ಬೇಕು ಕಣೇ," ಎಂದು ನಕ್ಕಳು. "ನಮ್ಮ ಹುಯಾನೂ ಹೀಗೇ. ಮೊದಲು ಬೆರಳು ಚೀಪಿಸಿದ್ರೆ ಆಮೇಲೆ ಬಾಟಲಿ ತಾನಾಗೇ..."

ಮಾತು ಅಲ್ಲಿಗೇ ನಿಂತಿತು. ಕರು ಚೀಪುತ್ತಲೇ ಇತ್ತು. ನೋಯಲೀನ್ ಬೆರಳನ್ನು ಹೊರಗೆಳೆದುಕೊಂಡು ಕಣ್ಣೆದುರಿಗೆ ಹಿಡಿದು ನೋಡಿದಳು. ಚಳಿಗೆ, ಕೆಲಸಕ್ಕೆ ಒಡೆದ ಬೆರಳು. ಬಿರುಕುಗಳಲ್ಲಿ, ಉಗುರಿನ ಸಂದಿಯಲ್ಲಿ ಹಳದಿ ಗಿಣ್ಣುಹಾಲು ಕೂತಿತ್ತು. ಅವಳು ಪೈಪಿನ ಹತ್ತಿರ ಹೋಗಿ ದಿನವೂ ತೊಳೆಯುವಂತೆ ತಣ್ಣೀರಿನಲ್ಲಿ ತೊಳೆದಳು. ಸೋಪು ಹಾಕಿದರೆ ಬಿರುಕು ಉರಿಯುತ್ತದೆಂದು ಅವಳು ಕೊಟ್ಟಿಗೆಯಲ್ಲಿ ಸೋಪು ಮುಟ್ಟುವವಳಲ್ಲ. ತೊಳೆದು ಮತ್ತೆ ನೋಡಿದಳು. ಹಳದಿ ಹೋಗಿರಲಿಲ್ಲ.

"ಅಯ್ಯೋ ಬೆವ್," ಎಂದಳು. "ಅಯ್ಯೋ, ನಾನೇ ಕಣೇ."

ನಾನು ಹೋಗಿ ಪೈಪು ನಿಲ್ಲಿಸಿದೆ. ಅವಳು ಒಣಹುಲ್ಲಿನ ಪಿಂಡಿಯ ಮೇಲೆ ಕುಸಿದು ಕೂತಳು.

"ಎಲ್ರೂ ನನ್ನ ಹೊಗಳಿದ್ರಲ್ಲೇ. ಮಗು ಉಳಿಸಿದೆ ಅಂತ. ಬೆರಳಿಟ್ಟವಳೂ ನಾನೇ, ಪೆನ್ನು ಒತ್ತಿದವಳೂ ನಾನೇ. ಮೇಲಿಂದ ಆ ಹುಡುಗೀನ ಕೇಳಿದೆ, ಚಮಚ ತೊಳೆದ್ಯಾ ಅಂತ." ಆಮೇಲೆ ನನ್ನ ಮುಖ ನೋಡದೆ, "ಇನ್ನು ಮುಂದೆ ಬೆರಳು ಕೊಡೋಲ್ಲ. ಹೇಗಿದ್ರೂ ಇವತ್ತು ಅವಳ ಅಕ್ಕ ಕರ್ಕೊಂಡು ಹೋಗ್ತಾಳೆ. ಅಲ್ಲಿ ಹುಷಾರಾಗ್ತಾಳೆ. ಹೇಳ್ಲೇಬೇಕಾ ಬೆವ್? ಹೇಳಿದ್ರೆ ಆ ಮಗೂನ ಮತ್ತೆ ನನ್ನ ಕೈಗೆ ಕೊಡ್ತಾರಾ?" ಎಂದಳು.

ಅಷ್ಟು ವರ್ಷದ ಗೆಳತಿ, ಅಯ್ಯೋ ಪಾಪ ಎನಿಸಿತು ನಿಜ. ಆದರೆ ಸಿಟ್ಟು ಅದಕ್ಕಿಂತ ಜೋರಾಗಿ ಬಂತು.

"ಹುಷಾರಾಗ್ತಾಳೆ, ಹೌದು. ಆಗ ಊರವರು ಏನಂತಾರೆ ಗೊತ್ತಾ? ತಾಯಿ ಕೈ ಬಿಟ್ಟ ಮೇಲೆ ಮಗು ಹುಷಾರಾಯ್ತು ಅಂತಾರೆ. ಮೆರೆಯಾನಾನೂ ಸಾಯೋವರೆಗೆ ಅದನ್ನೇ ನಂಬ್ತಾಳೆ. ಆಗ್ಲಿ, ಸುಮ್ನಿರು. ಚೆನ್ನಾಗಿರತ್ತೆ."

ಅವಳು ಎದ್ದಳು. ಮನೆಯ ಕಡೆ ಹೊರಟಳು. ನಾನು ಹಿಂದೆಯೇ ಹೋದೆ.

ಮೆರೆಯಾನಾ ಅಡುಗೆಮನೆಯಲ್ಲಿ ಚೀಲ ತುಂಬುತ್ತಿದ್ದಳು: ಹೊಸ ಡಬ್ಬಿ, ಬಾಟಲಿಗಳು, ಕೆಂಪು ದಾರದ ಬ್ರಷ್ಷು. ಬ್ರೆಂಟ್ ಮೇಜಿನ ಹತ್ತಿರ ಹುಯಾಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಗಂಬೂಟು ಹಾಕಿ ಹೊಸ್ತಿಲು ದಾಟಿದವರನ್ನು ಪೊರಕೆ ಹಿಡಿದು ಅಟ್ಟುವ ನೋಯಲೀನ್ ಅಂದು ಬೂಟು ಬಿಚ್ಚುವುದನ್ನೇ ಮರೆತು ಬಾಗಿಲಲ್ಲಿ ನಿಂತಳು.

"ಆ ಚೀಲ ಕೆಳಗಿಡು ಮಗಳೇ," ಎಂದಳು. "ನಿನ್ನ ಬಾಟಲೀಲಿ ಏನೂ ಇರ್ಲಿಲ್ಲ. ಇದ್ದದ್ದು ಇಲ್ಲಿ." ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದಳು. ಎಲ್ಲವನ್ನೂ ಹೇಳಿದಳು: ಬೆರಳು, ಕರು, ತಣ್ಣೀರು, ತನ್ನ ಗುಟ್ಟು. ಒಂದನ್ನೂ ಮುಚ್ಚಿಡಲಿಲ್ಲ, ಅಳಲೂ ಇಲ್ಲ.

"ಅಮ್ಮಾ, ಕರೂಗೆ ಕೊಟ್ಟ ಬೆರಳನ್ನ..." ಎಂದು ಬ್ರೆಂಟ್ ಕೂಗಿದವನು ಹೆಂಡತಿಯ ಮುಖ ನೋಡಿ ತಲೆ ತಗ್ಗಿಸಿದ. ಅವಳನ್ನು ತಾನೇನು ಕೇಳಿದ್ದೆನೆಂದು ಅವನಿಗೂ ನೆನಪಾಗಿರಬೇಕು.

ಮೆರೆಯಾನಾ ಚೀಲವನ್ನು ಕೆಳಗಿಟ್ಟಳು. ಆಮೇಲೆ, "ಚಮಚ ತೊಳೆದ್ಯಾ ಅಂತ ಕೇಳಿದ್ರಿ ನೀವು ನನ್ನ," ಎಂದಳು.

"ಕೇಳಿದೆ."

"ತೊಳೆದಿದ್ದೆ ನೋಯಲೀನ್. ದಿನಾ ತೊಳೆದಿದ್ದೆ."

"ಗೊತ್ತು ಮಗಳೇ. ಈಗ ಗೊತ್ತು."

ಮೆರೆಯಾನಾ ಅಲ್ಲೇ ನೆಲದ ಮೇಲೆ ಕೂತು ಗೊಳೋ ಎಂದು ಅತ್ತಳು. ಬಿಡುಗಡೆಯ ಅಳುವೋ ಸಿಟ್ಟಿನದೋ, ಎರಡೂ ಇತ್ತು. ನೋಯಲೀನ್ ಒಂದು ಹೆಜ್ಜೆ ಮುಂದಿಟ್ಟಳು, ತನ್ನ ಕೈ ನೋಡಿಕೊಂಡಳು, ಹಿಂದೆ ಸರಿದಳು. ನಾನು ಸಿಂಕಿನಲ್ಲಿ ಕೈಯನ್ನು ಸೋಪಿನಿಂದ ತಿಕ್ಕಿ ತಿಕ್ಕಿ ತೊಳೆದು, ಕೊಟ್ಟಿಗೆಯ ಕೋಟು ಬಿಚ್ಚೆಸೆದು, ಆಮೇಲೆ ಹೋಗಿ ಆ ಹುಡುಗಿಯನ್ನು ತಬ್ಬಿಕೊಂಡೆ.

ಅಕ್ಕನಿಗೆ ಬರಬೇಡ ಎಂದು ಫೋನು ಹೋಯಿತು. ಅಷ್ಟರಲ್ಲಿ ಹುಯಾ ಹಸಿವಿಗೆ ರಾಗ ಎಳೆಯತೊಡಗಿದಳು. ಮೆರೆಯಾನಾ ಮೂಗೊರೆಸಿಕೊಂಡು ಎದ್ದು, ಕೈ ತೊಳೆದು, ನೀರು, ಪುಡಿ, ಚಾಕುವಿನ ಬೆನ್ನು ಎಂದು ಶುರುಮಾಡಿದಳು. ಅಂದು ಮಾಡಿದ್ದನ್ನು ಅವಳು ಚೆಲ್ಲಲಿಲ್ಲ. ಬಾಟಲಿ ಹಿಡಿದು ಮಗುವಿನ ಹತ್ತಿರ ಬಂದಳು. ಹುಯಾ ತುಟಿ ಬಿಗಿಹಿಡಿದು, ಅಪ್ಪನ ತೊಡೆಯಿಂದ ಜಾರಿ, "ನ್ಯಾನಾ!" ಎಂದು ಅಜ್ಜಿಯನ್ನು ಕರೆಯುತ್ತ ತಟಪಟ ನಡೆದು ಬಾಗಿಲ ಕಡೆ ಹೊರಟಳು. ಅಜ್ಜಿಯ ಬೆರಳಿಗೆಂದು ಈಗ ಬಾಯಿ ಅಗಲವಾಗಿ ತೆರೆದಿತ್ತು.

"ಹಿಡ್ಕೊಳ್ಳೋ ಬ್ರೆಂಟ್, ಹಿಡ್ಕೋ ಅವಳನ್ನ!" ಎಂದು ನೋಯಲೀನ್ ಕೈಗಳನ್ನು ಬೆನ್ನ ಹಿಂದೆ ಅಡಗಿಸಿ ಅಂಗಳಕ್ಕಿಳಿದಳು. ಬ್ರೆಂಟ್ ಮಗುವನ್ನು ಎತ್ತಿಕೊಂಡ. ಹುಯಾ ಮನೆ ಹಾರಿಹೋಗುವಂತೆ ಕಿರುಚಿದಳು. ಅಜ್ಜಿ ತನ್ನನ್ನು ನೋಡಿ ಓಡಿದ್ದು ಅವಳ ಬಾಳಿನಲ್ಲೇ ಮೊದಲು.

ಮೆರೆಯಾನಾ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡಳು. ಅಂಗಳದ ಕಡೆ ನೋಡದೆಯೇ, "ಹೇಗೆ ಕೊಡ್ತಿದ್ರಿ, ಹೇಳಿ," ಎಂದಳು.

ನೋಯಲೀನ್ ಅಂಗಳದಿಂದಲೇ ಹೇಳಿಕೊಟ್ಟಳು.

"ನಡುಬೆರಳು. ತುದಿ ಮಾತ್ರ ಬಾಟಲೀಲಿರೋದ್ರಲ್ಲಿ ಅದ್ದು. ಬೆರಳಿನ ಮೆತ್ತನೆ ಕಡೆ ಮೇಲಕ್ಕಿರ್ಲಿ, ಅಂಗುಳಕ್ಕೆ ತಾಗ್ಲಿ. ಹಾಂ. ಅವಸರ ಮಾಡ್ಬೇಡ. ಅವಳು ಎಳೆಯೋಕೆ ಶುರು ಮಾಡಿದ್ಮೇಲೆ ಪಕ್ಕದಿಂದ ಬಾಟಲಿ ಜಾರಿಸು."

ಹುಯಾ ಒಮ್ಮೆ ಬಿಕ್ಕಿದಳು. ಬೆರಳು ಚೀಪಿದಳು. ಆಮೇಲೆ ಬಾಟಲಿ ಚೀಪಿದಳು.

"ಕುಡೀತಿದ್ದಾಳೇನೇ?" ಎಂದು ನೋಯಲೀನ್ ಅಂಗಳದಿಂದ ಕೇಳಿದಳು.

"ಕುಡೀತಿದ್ದಾಳೆ," ಎಂದೆ.

ಅವಳು ತಲೆಯಾಡಿಸಿ, ಕೈಗಳನ್ನು ಬೆನ್ನ ಹಿಂದೆಯೇ ಹಿಡಿದುಕೊಂಡು, ಮಿಕ್ಕ ಕರುಗಳಿಗೆ ಹಾಲು ಕುಡಿಸಲು ಹೊರಟಳು.