ಬಿಸಿಲಿಗೆ ಹರವಿದ ಹೊಗೆ ಚಹಾ

ನನ್ನ ಕೈಯ ಚಹಾಕ್ಕೆ ಹೆಸರಿಡುವವರು ಇನ್ನೂ ಹುಟ್ಟಿಲ್ಲ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಹೆಲೆನ್ ಎಂಬವಳ ಚಹಾದಂಗಡಿಗೆ ಕೆಲಸಕ್ಕೆ ಸೇರಿದ ದಿನವೂ ಇದನ್ನೇ ಹೇಳಿದ್ದೆ. ಮೂರನೆಯ ದಿನಕ್ಕೆ ಮಾನ ಹೋಯಿತು.

ಅದು 2001ರ ಜೂನ್. ಚೀನಾದ ಲಾಪ್ಸಾಂಗ್ ಚಹಾದ ಡಬ್ಬಿ ಬಂದಿತ್ತು. ಮುಚ್ಚಳ ತೆಗೆದರೆ ಗಪ್ಪನೆ ಹೊಗೆ ವಾಸನೆ. ಬಾಗಲಕೋಟೆಯ ನಮ್ಮ ಮನೆಯಲ್ಲಿ ಹಾಲಿಗೆ ಹೊಗೆ ಹತ್ತಿದರೆ ಅವ್ವ ಇಡೀ ದಿನ ಬೈಯುತ್ತಿದ್ದಳು. ಪಾಪ, ಸರಕು ಹಡಗಿನಲ್ಲೇ ಕೆಟ್ಟಿರಬೇಕು ಎಂದುಕೊಂಡೆ. ಅಂಗಡಿಯ ಹಿತ್ತಲಲ್ಲಿ ಬಿಳಿ ಬಟ್ಟೆ ಹಾಸಿ, ಸಂಡಿಗೆ ಒಣಗಿಸುವ ಹಾಗೆ ಅಷ್ಟನ್ನೂ ಬಿಸಿಲಿಗೆ ಹರವಿದೆ. ಸಂಜೆಗೆ ವಾಸನೆ ಅರ್ಧಕ್ಕರ್ಧ ಇಳಿದಿತ್ತು. ಶಹಬ್ಬಾಸ್ ಅನ್ನುತ್ತಾಳೆಂದು ಹೆಲೆನ್‌ಗೆ ತೋರಿಸಿದೆ.

ಅವಳು ಮೂಸಿ ನೋಡಿ ಕುರ್ಚಿಯಲ್ಲಿ ಕುಸಿದಳು. ಆ ಎಲೆಯನ್ನು ಪೈನ್ ಕಟ್ಟಿಗೆಯ ಹೊಗೆಯಲ್ಲಿ ಬೇಕೆಂದೇ ಒಣಗಿಸುತ್ತಾರಂತೆ, ಜನ ಕೊಳ್ಳುವುದೇ ಆ ಹೊಗೆಗಂತೆ. ತಿಂಗಳ ಕೊನೆಯ ಶನಿವಾರ ಅದನ್ನು ಸರಿಯಾಗಿ ಮಾಡಿ ಕೊಡದಿದ್ದರೆ ಮುಂದಿನ ರೋಟಾದಲ್ಲಿ, ಅಂದರೆ ಕೆಲಸದ ಸರದಿ ಪಟ್ಟಿಯಲ್ಲಿ, ನಿನ್ನ ಹೆಸರಿಲ್ಲ ಎಂದಳು.

ನನ್ನ ಗಂಡ ರಾಜಶೇಖರ ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಆ ಕೆಲಸ ಬಿಟ್ಟುಬಿಡು ಎಂದರು. ನನಗೆ ಮೈಯೆಲ್ಲ ಉರಿಯಿತು.

"ಬಿಡೋ ಮಾತ ಇಲ್ರಿ. ಇಪ್ಪತ್ತ ವರ್ಷ ಒಲಿ ಊದೀನಿ. ಹೊಗಿ ಅಂದ್ರ ಏನಂತ ನನಗ ಗೊತ್ತಿಲ್ಲೇನು?"

ಬೇರೆ ಅಂಗಡಿಯಿಂದ ಅದೇ ಚಹಾದ ಒಂದು ಪೊಟ್ಟಣ ಕೊಂಡು ತಂದು ಮನೆಯಲ್ಲಿ ದಿನಾ ಮಾಡಿದೆ. ಮೊದಲ ದಿನ ಕೈ ರೂಢಿಯಂತೆ ಎಲೆ ಕುದಿಸಿ ಹಾಲು ಹಾಕಿದೆ. ಥೂ, ಸುಟ್ಟ ಬಟ್ಟೆ ಹಿಂಡಿದ ನೀರು! ಆಮೇಲೆ ಒಂದೊಂದೇ ತಿಳಿಯಿತು. ಕುದಿಸಬೇಕಾದದ್ದು ನೀರನ್ನು, ಎಲೆಯನ್ನಲ್ಲ. ಕುದಿ ಇಳಿದ ಮೇಲೆ ನೀರು ಹೊಯ್ದು ನಾಲ್ಕು ನಿಮಿಷ ಮುಚ್ಚಿಡಬೇಕು. ಹಾಲು, ಸಕ್ಕರೆ ಹತ್ತಿರ ಸುಳಿಯಬಾರದು. ಮೊದಲು ಹೊಗೆ ಬರುತ್ತದೆ, ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಸಣ್ಣದೊಂದು ಸಿಹಿ ಉಳಿಯುತ್ತದೆ. ಮೂರನೆಯ ವಾರಕ್ಕೆ ಆ ಚಹಾ ಕುಡಿಯದೆ ನನಗೆ ಬೆಳಗೇ ಆಗುತ್ತಿರಲಿಲ್ಲ.

ಶನಿವಾರ ರುಚಿ ನೋಡಲು ಹೆಲೆನ್ ಆರ್ಥರ್ ಎಂಬ ಮುದುಕನನ್ನು ಕರೆಸಿದ್ದಳು. ಮೂವತ್ತು ವರ್ಷದಿಂದ ಅದೇ ಚಹಾ ಕುಡಿಯುತ್ತ ಬಂದವನು. ಹೊಸ ಡಬ್ಬಿ ಒಡೆದು ನನ್ನ ಮುಂದಿಟ್ಟಳು. ನಾನು ಮೂಸಿದೆ, ಮುಚ್ಚಳ ಹಾಕಿ ಪಕ್ಕಕ್ಕೆ ಸರಿಸಿದೆ. ಇದನ್ನು ಮಾಡುವುದಿಲ್ಲ, ಇದು ಹಸಿ ಕಟ್ಟಿಗೆಯ ಹೊಗೆ, ಹುಳಿ ಹೊಡೆಯುತ್ತಿದೆ ಎಂದೆ.

ಹೆಲೆನ್ ಕೆಂಪಾದಳು. ಒಳ್ಳೆಯ ಹೊಗೆಯನ್ನು ಬಿಸಿಲಿಗೆ ಹಾಕಿದವಳು ಈಗ ಹೊಗೆಗೆ ಹೆಸರಿಡುತ್ತೀಯಾ ಎಂದು, ತಾನೇ ಮಾಡಿ ಆರ್ಥರನಿಗೆ ಕೊಟ್ಟಳು. ಕೆಲಸ ಹೋಯಿತು ಎಂದುಕೊಂಡೆ. ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಆರ್ಥರ್ ಒಂದು ಗುಟುಕು ಕುಡಿದು, ಮುಖ ಕಿವಿಚಿ ಕಪ್ಪು ಕೆಳಗಿಟ್ಟ. ಬಾಯಿ ಹುಳಿಯಾಯಿತು ಎಂದ.

ನಾನು ಬ್ಯಾಗಿನಿಂದ ನನ್ನ ಪೊಟ್ಟಣ ತೆಗೆದು, ಗಡಿಯಾರ ನೋಡಿಕೊಂಡು ನಾಲ್ಕು ನಿಮಿಷ ಇಟ್ಟು ಕೊಟ್ಟೆ. ಪೂರ್ತಿ ಕುಡಿದು ಕಪ್ಪನ್ನು ಮತ್ತೆ ಮುಂದೆ ಚಾಚಿದ. ಹೆಲೆನ್ ಗೋಡೆಯ ರೋಟಾದಲ್ಲಿ ನನ್ನ ಹೆಸರು ಬರೆದಳು. ಇನ್ನು ಮೇಲೆ ಯಾವ ಡಬ್ಬಿ ಬಂದರೂ ಮೊದಲು ನಾನೇ ಮೂಸಬೇಕಂತೆ.

ಹೊಗೆಯ ವಿದ್ಯೆ ಯಾರು ಕಲಿಸಿದರು ಎಂದು ಆರ್ಥರ್ ಕೇಳಿದ.

"ನಮ್ಮವ್ವ," ಎಂದೆ. "ಬೈದು ಬೈದು ಕಲಿಸಿದ್ದಳು."