ಎಲಿಸಿಯೋನ ಕಪ್ಪೆ

ನನ್ನ ಹೆಸರಿನ ಕಪ್ಪೆಯೊಂದು ಈಗ ಜಗತ್ತಿನಲ್ಲಿದೆ. ಸಿಕ್ಕಸಿಕ್ಕವರೆಲ್ಲ ಅಭಿನಂದಿಸುತ್ತಿದ್ದಾರೆ. ಕಿಟೊ ನಗರದ ನಮ್ಮ ಪ್ರಾಣಿ ಸಂಗ್ರಹಾಲಯದಲ್ಲಿ ಕೇಕು ಬೇರೆ ಕತ್ತರಿಸಿದರು. ನಿರ್ದೇಶಕರು ಕೈ ಕುಲುಕಿ, "ನೆಲಿದಾ, ಇನ್ನು ನಿಮಗೆ ಸಾವಿಲ್ಲ ಬಿಡಿ" ಅಂದರು. ನಾನು ಕೇಕಿನ ತಟ್ಟೆಯನ್ನು ಹಾಗೇ ಮೇಜಿನ ಮೇಲಿಟ್ಟೆ.

ಆ ಕಪ್ಪೆ ನನ್ನ ತಮ್ಮ ಎಲಿಸಿಯೋನದು. ಅವನೇನು ನನ್ನ ಹಾಗೆ ಪ್ರಾಣಿಶಾಸ್ತ್ರ ಓದಿದವನಲ್ಲ. ಇಂತಾಗ್ ಕಣಿವೆಗೆ ಬಸ್ಸು ಓಡಿಸುತ್ತಿದ್ದ. ರಜೆ ಸಿಕ್ಕಾಗ ನನ್ನ ಜೊತೆ ಕಾಡಿಗೆ ಬರುತ್ತಿದ್ದ, ಬಂದವನು ಒಂದು ಗಳಿಗೆ ಬಾಯಿ ಮುಚ್ಚುತ್ತಿರಲಿಲ್ಲ. ಒಂದು ಸಂಜೆ ಅಪರೂಪಕ್ಕೆ ಸುಮ್ಮನಾಗಿ, "ಅಕ್ಕಾ, ಯಾರೋ ಲೋಟಕ್ಕೆ ಚಮಚ ತಟ್ತಿದಾರೆ, ಕೇಳು" ಅಂದ. ಹುಡುಕಿದರೆ ಪಾಚಿಯೊಳಗೆ ಹೆಬ್ಬೆರಳಿನ ಉಗುರಿನಷ್ಟು ಕಪ್ಪೆ, ತೊಡೆಗೆ ಕಿತ್ತಳೆ ಬಣ್ಣ. ಆಂಡಿಸ್ ಬೆಟ್ಟಗಳ ಈ ಕುಲದ ಕಪ್ಪೆಗಳಿಗೆ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ. ಮೊಟ್ಟೆಯಿಂದ ನೇರ ಮರಿಕಪ್ಪೆಯೇ ಹೊರಬರುತ್ತದೆ. ಮೊಟ್ಟೆಯಿಡಲು ಕೆರೆಹೊಳೆ ಬೇಡದ ಜೀವ, ತನ್ನ ಬೆಟ್ಟ ಬಿಟ್ಟು ಕದಲುವುದಿಲ್ಲ. ಹಾಗಾಗಿ ಕಣಿವೆ ದಾಟಿದರೆ ಜಾತಿಯೇ ಬೇರೆ. ಇದನ್ನು ಈವರೆಗೆ ಯಾರೂ ಗುರುತಿಸಿಲ್ಲ ಎಂದು ನನಗೆ ಆಗಲೇ ಅನ್ನಿಸಿತು.

ಮರುವರ್ಷದ ಮಳೆಗೆ ಗುಡ್ಡ ಜರಿದು ಬಸ್ಸಿನ ಮೇಲೆ ಬಿತ್ತು. ಪ್ರಯಾಣಿಕರೆಲ್ಲ ಇಳಿದಾಗಿತ್ತು, ಇವನೊಬ್ಬನೇ ಒಳಗಿದ್ದ. ಮಣ್ಣು ಮಾಡಿದ ಮೇಲೂ ಅಮ್ಮ ಗೋರಿ ಬಿಟ್ಟು ಏಳಲಿಲ್ಲ. ಮದುವೆಯಿಲ್ಲ, ಮಕ್ಕಳಿಲ್ಲ, ಇನ್ನು ಅವನ ಹೆಸರು ಹೇಳೋರು ಯಾರೇ ಎಂದು ಒಂದೇ ಸಮನೆ ಅಳುತ್ತಿದ್ದಳು. "ಆ ಕಪ್ಪೆಗೆ ಅವನ ಹೆಸರೇ ಇಡ್ತೀನಮ್ಮ. ನಾವೆಲ್ಲ ಹೋದ್ರೂ ಅದು ಉಳಿಯುತ್ತೆ" ಎಂದು ನಾನು ಮಾತು ಕೊಟ್ಟೆ. ಆಮೇಲೆ ಎದ್ದಳು.

ಹೊಸ ಜಾತಿಯೆಂದು ಸಾಧಿಸುವುದು ಹುಡುಗಾಟವಲ್ಲ. ಮೂಳೆ, ಚರ್ಮ, ಕೂಗು, ವಂಶವಾಹಿ ಎಲ್ಲವನ್ನೂ ಸುತ್ತಲಿನ ಬೆಟ್ಟಗಳ ನೆಂಟರ ಜೊತೆ ಹೋಲಿಸಬೇಕು. ವರ್ಷಗಟ್ಟಲೆ ಹಿಡಿಯುತ್ತದೆ. ಅದಕ್ಕೇ ನಮ್ಮಲ್ಲೊಂದು ರೂಢಿ: ಪ್ರಾಣಿಯನ್ನು ಕೆಡದಂತೆ ಇಟ್ಟ ಮದ್ಯಸಾರದ ಬಾಟಲಿಗೆ ಯಾರು ತಮ್ಮ ಹೆಸರಿನ ಚೀಟಿ ಕಟ್ಟಿದ್ದಾರೋ ಆ ಪ್ರಾಣಿಗೆ ಹೆಸರಿಡುವ ಹಕ್ಕು ಅವರದು. ಎಷ್ಟೇ ತಡವಾಗಲಿ, ಬೇರೆಯವರು ಕೈ ಹಾಕುವುದಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟ ನಿಯಮ ಬೇರೆ: ಮೊದಲು ಅಚ್ಚಾದ ಹೆಸರೇ ಕಡೆತನಕ, ಇಟ್ಟವರಿಗೇ ಮನಸ್ಸು ಬದಲಾದರೂ ಅದು ಬದಲಾಗದು.

ವಂಶವಾಹಿಯ ಕೆಲಸ ನನಗೆ ಬಾರದು. ಹಾಗಾಗಿ ಬಾಟಲಿ, ಕೂಗಿನ ಧ್ವನಿಮುದ್ರಣ, ಅಳತೆಗಳು ಎಲ್ಲವನ್ನೂ ಒಫೆಲಿಯಾಗೆ ಒಪ್ಪಿಸಿದೆ. ಒಫೆಲಿಯಾ ನನ್ನ ಜೊತೆಗೇ ಓದಿದವಳು, ನನ್ನ ಮಗಳ ದೀಕ್ಷಾಸ್ನಾನಕ್ಕೆ ಧರ್ಮತಾಯಿಯಾಗಿ ನಿಂತವಳು. ಅಂದಿನಿಂದ ನಾವು ಒಬ್ಬರನ್ನೊಬ್ಬರು ಕರೆಯುವುದೇ ಕೊಮಾದ್ರೆ, ಅಂದರೆ ಜೊತೆತಾಯಿ ಎಂದು. ಎಲಿಸಿಯೋನನ್ನು ಮಣ್ಣು ಮಾಡಿದ ದಿನ ನನ್ನ ಹೆಗಲು ಹಿಡಿದು ನಿಂತಿದ್ದಳು. ನಾನು ಅಮ್ಮನಿಗೆ ಕೊಟ್ಟ ಮಾತನ್ನು ಕಿವಿಯಾರೆ ಕೇಳಿದ್ದಳು.

ಅವಳೇ ಪ್ರಬಂಧ ಬರೆದು ಅಚ್ಚು ಹಾಕಿಸಿಬಿಟ್ಟಳು. ತಾನೊಬ್ಬಳೇ ಕಂಡುಹಿಡಿದ ಹಾಗೆ, ಕಪ್ಪೆಗೆ ನನ್ನ ಹೆಸರಿಟ್ಟು.

ಅವಳ ಕೋಣೆಗೆ ಹೋದೆ.

"ಬಾ ಕೊಮಾದ್ರೆ! ಹೆಂಗಿದೆ ನನ್ನ ಉಡುಗೊರೆ?"

"ಬಾಟಲಿಗೆ ನನ್ನ ಚೀಟಿ ಇತ್ತಲ್ಲೇ."

"ಇತ್ತು ಕಣೇ, ಹಳದಿ ಬಣ್ಣಕ್ಕೆ ತಿರುಗಿತ್ತು. ಹೊರದೇಶದವರು ಯಾರೋ ಅದೇ ಕಪ್ಪೆ ಹಿಡ್ಕೊಂಡು ಕೂತಿದ್ರಂತೆ. ನೀನು ನೋಡಿದ್ರೆ ಒಂದು ಸಾಲನ್ನ ಹತ್ತು ಸಲ ತಿದ್ದೋಳು. ನಿನ್ನ ಕಾಯ್ತಾ ಕೂತಿದ್ರೆ ಕಪ್ಪೆ ಅವರ ಪಾಲಾಗ್ತಿತ್ತು."

"ಒಂದು ಮಾತು ಹೇಳಕ್ಕಾಗ್ತಿರ್ಲಿಲ್ವಾ? ಮೆಟ್ಲು ಇಳಿದ್ರೆ ನನ್ನ ಕೋಣೆ."

"ಹೇಳಿದ್ರೆ ಬೇಡ ಅಂತಿದ್ದೆ."

"ಸರಿ, ಅವಸರ ಆಯ್ತು ಅಂತಾನೇ ಇಟ್ಕೊಳ್ಳೋಣ. ಎಲಿಸಿಯೋ ಹೆಸರು ಯಾಕಿಡ್ಲಿಲ್ಲ? ಅಷ್ಟಾದ್ರೂ ಮಾಡಬಹುದಿತ್ತಲ್ಲ?"

ಒಫೆಲಿಯಾ ಮೇಜಿನ ಮೇಲಿದ್ದ ಪೆನ್ನನ್ನು ಅತ್ತಿತ್ತ ಉರುಳಿಸಿದಳು. "ನಿನ್ನ ಹೆಸರಿದ್ರೆ ಯಾರೂ ಏನೂ ಕೇಳಲ್ಲ ಅಂದ್ಕೊಂಡೆ."

ಆಗ ನನಗೆ ಅರ್ಥವಾಯಿತು. ನನ್ನ ಬಾಯಿಗೆ ನನ್ನ ಹೆಸರನ್ನೇ ತುರುಕಿದ್ದಾಳೆ. ಇಷ್ಟು ದೊಡ್ಡ ಗೌರವ ಕೊಟ್ಟವಳನ್ನು ಕಳ್ಳಿ ಎಂದರೆ ಜನ ನನ್ನ ಮುಖಕ್ಕೇ ಉಗಿಯುತ್ತಾರೆ. ನಂಬಿಸಿ ಕತ್ತು ಕೊಯ್ಯುವುದು ಎಂದರೆ ಇದೇ. ಇನ್ನು ಮೇಲೆ ಕೊಮಾದ್ರೆ ಅನ್ನಬೇಡ ಎಂದು ಹೇಳಿ ಹೊರಬಂದೆ.

ನವೆಂಬರಿನಲ್ಲಿ ಸತ್ತವರ ಹಬ್ಬ. ಊರಿಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಹೋಗಿತ್ತು, ಆದರೆ ಅರ್ಧ ಮಾತ್ರ: ಇಂತಾಗ್ ಕಪ್ಪೆಗೆ ಹೆಸರಾಯಿತು ಎಂದು ಯಾರೋ ರೇಡಿಯೋದಲ್ಲಿ ಕೇಳಿದ್ದರು. ಅಮ್ಮ ನೆರೆಹೊರೆಯವರನ್ನೆಲ್ಲ ಎಲಿಸಿಯೋನ ಗೋರಿಯ ಸುತ್ತ ಕೂರಿಸಿಕೊಂಡು ಕಪ್ಪು ಜೋಳದ ಬಿಸಿ ಗಂಜಿ ಹಂಚುತ್ತಿದ್ದಳು. ಹಬ್ಬಕ್ಕೆ ಎಲ್ಲರ ಮನೆಯಲ್ಲೂ ಬೊಂಬೆಯಾಕಾರದ ರೊಟ್ಟಿ ಸುಡುತ್ತಾರೆ. ಅಮ್ಮ ಈ ಸಲ ಕಪ್ಪೆ ಸುಟ್ಟಿದ್ದಳು, ತೊಡೆಗೆ ಕಿತ್ತಳೆ ಬಣ್ಣದ ಸಕ್ಕರೆ ಬಳಿದು.

"ಬಂದ್ಯಾ? ಆ ಲ್ಯಾಟಿನ್ ಹೆಸರು ಗಟ್ಟಿಯಾಗಿ ಹೇಳೇ. ಎಲ್ಲಾರೂ ಕೇಳ್ಲಿ, ಅವನೂ ಕೇಳ್ಲಿ" ಅಂದಳು.

ಸುಳ್ಳು ಹೇಳಬಹುದಿತ್ತು. ಅವನ ಗೋರಿಯ ಮುಂದೆ ನಾಲಿಗೆ ಏಳಲಿಲ್ಲ.

"ಅವನ ಹೆಸರು ಬರಲಿಲ್ಲಮ್ಮ. ಒಫೆಲಿಯಾ ನನಗೆ ಹೇಳದೆ... ನನ್ನ ಹೆಸರಿಟ್ಟುಬಿಟ್ಟಿದಾಳೆ."

ಅಮ್ಮ ಗಂಜಿಯ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

"ಒಫೆಲಿಯಾನಾ? ಕದಿಯೋಳಾಗಿದ್ರೆ ಅವಳ ಹೆಸರೇ ಇಟ್ಕೊತಿದ್ಲು. ನಿನ್ನ ಹೆಸರು ಯಾಕಿಡ್ತಾಳೆ?"

"ನಮ್ಮ ಕೆಲಸದಲ್ಲಿ ಯಾರೂ ತಮ್ಮ ಹೆಸರು ತಾವೇ ಇಟ್ಕೊಳ್ಳಲ್ಲಮ್ಮ. ಅದು ನಾಚಿಕೆಗೇಡು."

ಹೇಳಿ ಮುಗಿಸುವ ಮೊದಲೇ ಆಡಬಾರದ ಮಾತು ಆಡಿದೆ ಎಂದು ಗೊತ್ತಾಯಿತು. ಅಮ್ಮ ನನ್ನನ್ನೇ ನೋಡುತ್ತಿದ್ದಳು. ನೆರೆಯವರು ತಲೆ ತಗ್ಗಿಸಿದರು.

"ಅದಕ್ಕೆ ಅವಳ ಕೈಲಿ ಇಡಿಸ್ಕೊಂಡ್ಯಾ?" ಅಂದಳು ಮೆಲ್ಲಗೆ. "ನಿನಗೆ ಎಲ್ಲಾ ಇದೆ. ಓದು, ಕೆಲಸ, ಗಂಡ, ಮಗಳು. ಸತ್ತವನಿಗೆ ಒಂದು ಕಪ್ಪೇನಾದ್ರೂ ಬಿಡಬಾರದಿತ್ತೇನೇ?"